ಮಾತ್ರೆಗೆ ಬಂದ ಶುಕ್ರದೆಸೆ

ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಹೆಸರನ್ನು ತಡವರಿಸದೆ ಹೇಳಬಲ್ಲವರು 2020ರ ಮಾರ್ಚ್‌ವರೆಗೆ ನಮ್ಮ ಬಡಾವಣೆಯಲ್ಲಿ ಇಬ್ಬರೇ ಇದ್ದೆವು. ಒಬ್ಬರು ಮೆಡಿಕಲ್ಸ್ ಅಂಗಡಿಯ ಶೆಟ್ಟರು, ಇನ್ನೊಬ್ಬಳು ನಾನು. ನಮಗೂ ಅದನ್ನು ಪೂರ್ತಿ ಹೇಳುವ ಪ್ರಮೇಯ ಬರುತ್ತಿರಲಿಲ್ಲ. ನನ್ನ ತಲೆ ಕಂಡೊಡನೆ ಶೆಟ್ಟರು ಮಾತಿಲ್ಲದೆ ಕೆಳಗಿನ ಡ್ರಾಯರ್ ಎಳೆದು ತಿಂಗಳ ಸ್ಟ್ರಿಪ್ಪುಗಳನ್ನು ಕವರಿಗೆ ಹಾಕುತ್ತಿದ್ದರು. ಅದು ಸಂಧಿವಾತದವರ ಮಾತ್ರೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲಾಗದವರು, ಹಾಲಿನ ಪ್ಯಾಕೆಟ್ಟು ಕತ್ತರಿಸಲೂ ಗಂಡನನ್ನು ಕೂಗುವವರು ನುಂಗುವಂಥದ್ದು. ಅದರ ಮೇಲೆ ಬೇರೆ ಯಾರ ಕಣ್ಣೂ ಬಿದ್ದಿರಲಿಲ್ಲ. ಹೋಟೆಲ್ ಕಾಫಿಗಿಂತ ಅಗ್ಗ, ಬೇವಿಗಿಂತ ಕಹಿ, ಕಣ್ಣು ಬೀಳಲು ಅದರಲ್ಲೇನಿದೆ?

ಹುಟ್ಟಿನಿಂದ ಅದು ಮಲೇರಿಯಾದ ಮನೆತನ. ಅದರ ಅಣ್ಣ ಕ್ಲೋರೋಕ್ವಿನ್ ನನಗೆ ಚಿಕ್ಕಂದಿನಿಂದ ಪರಿಚಯ. ನಮ್ಮ ಹಳ್ಳಿಗೆ ಮಲೇರಿಯಾ ಇಲಾಖೆಯವರು ಬಂದು, ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಪಟ್ಟಿಗೆ ರಕ್ತ ಸವರಿಕೊಂಡು, ಬಾಗಿಲ ಪಕ್ಕದ ಗೋಡೆಯ ಮೇಲೆ ತಾವು ಬಂದ ತಾರೀಖು ಬರೆದು, ಮಾತ್ರೆ ಕೊಟ್ಟು ಹೋಗುತ್ತಿದ್ದರು. ಅಮ್ಮ ಅದನ್ನು ಬಾಳೆಹಣ್ಣಿನೊಳಗೆ ಅಡಗಿಸಿ ಕೊಡುತ್ತಿದ್ದಳು. ನಾನು ಹಣ್ಣು ತಿಂದು ಮಾತ್ರೆಯನ್ನು ಹಿತ್ತಿಲಿಗೆ ಉಗಿಯುತ್ತಿದ್ದೆ. ಎರಡನೇ ಮಹಾಯುದ್ಧದಲ್ಲಿ ಇದೇ ಬಳಗದ ಮೆಪಾಕ್ರಿನ್ ನುಂಗುತ್ತಿದ್ದ ಸೈನಿಕರಲ್ಲಿ ಕೆಲವರಿಗೆ ಚರ್ಮದ ಗುಳ್ಳೆ, ಕೀಲುನೋವುಗಳೂ ಇಳಿದವಂತೆ. ಸೊಳ್ಳೆಗೆಂದು ಹುಟ್ಟಿದ ಮಾತ್ರೆ ಕೀಲಿಗೆ ಬಂದು ಸೇರಿದ ಕಥೆ ಹಾಗೆ ಶುರುವಾಯಿತು. ಹಿತ್ತಿಲಿಗೆ ಉಗಿದದ್ದನ್ನೆಲ್ಲ ಅರವತ್ತರ ಮೇಲೆ ನನ್ನಿಂದ ವಸೂಲಿ ಮಾಡುತ್ತಿದೆ ಎಂದು ನಮ್ಮ ಮನೆಯವರ ಅಭಿಪ್ರಾಯ.

ಮಾರ್ಚ್ 21ರಂದು ಅಮೆರಿಕದ ಅಧ್ಯಕ್ಷರು ಈ ಮಾತ್ರೆಯನ್ನು ಟ್ವೀಟ್ ಮಾಡಿ ಹೊಗಳಿದರು. ಮರುದಿನದ ತಾರೀಖು ಹೊತ್ತ ಐಸಿಎಂಆರ್ ಸಲಹೆಯಲ್ಲಿ, ಕೋವಿಡ್ ಆರೈಕೆಯಲ್ಲಿರುವ ಆರೋಗ್ಯ ಸಿಬ್ಬಂದಿ ಮತ್ತು ಸೋಂಕಿತರ ಮನೆಯವರು ಮುನ್ನೆಚ್ಚರಿಕೆಗೆ ಇದನ್ನು ತೆಗೆದುಕೊಳ್ಳಬಹುದು ಎಂದಿತ್ತು. ನಮ್ಮ ಬೀದಿಗೆ ಬರುವಷ್ಟರಲ್ಲಿ ಸಿಬ್ಬಂದಿ, ಸೋಂಕಿತರು ಎಲ್ಲ ಉದುರಿಹೋಗಿ ‘ತೆಗೆದುಕೊಳ್ಳಬಹುದು’ ಒಂದೇ ಉಳಿದಿತ್ತು. 25ಕ್ಕೆ ಸರ್ಕಾರ ರಫ್ತು ನಿಲ್ಲಿಸಿತು. 26ಕ್ಕೆ ಮಾತ್ರೆಯನ್ನು ಶೆಡ್ಯೂಲ್ ಎಚ್1ಕ್ಕೆ ಸೇರಿಸಿತು. ಡಾಕ್ಟರ ಚೀಟಿ ಕಡ್ಡಾಯ, ಕೊಂಡವರ ಹೆಸರು ರಿಜಿಸ್ಟರಿಗೆ. ಶೆಟ್ಟರು ಹೊಸ ರಿಜಿಸ್ಟರ್ ತಂದು ಗೆರೆ ಎಳೆದು ಕೂತರು. ಬರೆಯಲು ಮಾತ್ರೆ ಇರಲಿಲ್ಲ.

“ಖಾಲಿ ಮೇಡಂ. ಮನೇಲಿ ಏಳು ಜನ ಇದೀವಿ ಅಂತ ಒಬ್ರು ಇದ್ದಬದ್ದಿದ್ದೆಲ್ಲ ತಗೊಂಡು ಹೋದ್ರು.”

“ಚೀಟಿ ಇತ್ತಾ?”

“ಇತ್ತು. ಅಳಿಯ ಡಾಕ್ಟ್ರು.”

“ಯಾವ ಡಾಕ್ಟ್ರು?”

ಶೆಟ್ಟರು ಅತ್ತಿತ್ತ ನೋಡಿ, ಮಾಸ್ಕಿನೊಳಗಿಂದ ಹೇಳಿದರು: “ಹಲ್ಲಿಂದು.”

ಏಪ್ರಿಲ್‌ನಲ್ಲಿ ರಫ್ತಿನ ತಡೆ ಸಡಿಲವಾಯಿತು. ಬ್ರೆಜಿಲ್ ಅಧ್ಯಕ್ಷ ಬೊಲ್ಸನಾರೋ ನಮ್ಮ ಪ್ರಧಾನಿಗೆ ಪತ್ರ ಬರೆದು, ಲಕ್ಷ್ಮಣನಿಗಾಗಿ ಹನುಮಂತ ಹಿಮಾಲಯದಿಂದ ಔಷಧಿ ತಂದದ್ದನ್ನು ಸ್ಮರಿಸಿದರು. ಪೇಪರು ಓದುತ್ತಿದ್ದ ನಮ್ಮ ಮನೆಯವರು, “ಹನುಮಪ್ಪ ಬ್ರೆಜಿಲ್‌ಗೆ ಹಾರೋವಾಗ ಮೈಸೂರಿನ ಮೇಲೆ ಒಂದು ಸ್ಟ್ರಿಪ್ಪು ಬೀಳಿಸಿದ್ರೆ ಅವನ ಗಂಟೇನು ಹೋಗ್ತಿತ್ತು ಕಣೇ?” ಎಂದರು. ಹನುಮಂತನ ಮೇಲೆ ನನಗೆ ದೂರಿಲ್ಲ. ಯಾವ ಸೊಪ್ಪು ಎಂದು ಗೊತ್ತಾಗದೆ ಅವನು ಬೆಟ್ಟವನ್ನೇ ಎತ್ತಿದ, ಆದರೆ ಯಾರಿಗಾಗಿ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ಟಿಪ್ಪು ಸುಲ್ತಾನರೂ ಈ ವ್ಯವಹಾರಕ್ಕೆ ಪ್ರವೇಶಿಸಿದರು. 1799ರಲ್ಲಿ ಶ್ರೀರಂಗಪಟ್ಟಣ ಗೆದ್ದ ಇಂಗ್ಲಿಷ್ ಸೈನಿಕರು ಅಲ್ಲಿನ ಸೊಳ್ಳೆಗೆ ಸೋತು ಬೆಂಗಳೂರಿಗೆ ಹೋದರು, ಜಿನ್ ಜೊತೆ ಟಾನಿಕ್ ವಾಟರ್ ಕುಡಿದು ಬದುಕಿದರು, ಅದರಲ್ಲಿರುವುದೇ ಈ ಮಾತ್ರೆ ಎಂಬ ಫಾರ್ವರ್ಡು ಎಲ್ಲರ ಮೊಬೈಲಿಗೂ ಬಂತು. ಸೊಳ್ಳೆಯ ಮಾತು ದಿಟ. 1809ರಲ್ಲಿ ದಂಡು ಬೆಂಗಳೂರಿಗೆ ಹೋದದ್ದೂ ದಿಟ. ಚರಿತ್ರೆಯ ಮೇಷ್ಟರಾಗಿ ನಿವೃತ್ತರಾದ ನಮ್ಮ ಮನೆಯವರು ಸುಮ್ಮನಿರದೆ, ಮರದ ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದ್ದೇ 1820ರಲ್ಲಿ, ನಮ್ಮ ಮಾತ್ರೆ ತಯಾರಾದದ್ದು ಇಪ್ಪತ್ತನೇ ಶತಮಾನದಲ್ಲಿ, ಎಂದು ಉದ್ದದ ಉತ್ತರ ಬರೆದರು. ಪ್ರತಿಯಾಗಿ ಕೈಮುಗಿದ ಚಿತ್ರಗಳು ಬಂದವು. ಜೊತೆಗೆ ಒಂದು ಪ್ರಶ್ನೆ: “ಸಾರ್, ಟಾನಿಕ್ ವಾಟರ್ ಎಲ್ಲಿ ಸಿಗುತ್ತೆ?”

ಟಿಪ್ಪುವಿನ ಪಟ್ಟದಾನೆಯ ಕಣ್ಣುಬೇನೆ ವಾಸಿಮಾಡಿ ‘ಹಕೀಮ ನಂಜುಂಡ’ ಎನಿಸಿಕೊಂಡನೆಂದು ಪ್ರತೀತಿಯಿರುವ ನಂಜನಗೂಡಿನ ದೇವರಿಗೆ ನಾನು ಹಳೆಯ ಒಕ್ಕಲು. ಈ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ರೆಟಿನಾಕ್ಕೆ ಪೆಟ್ಟು ಬೀಳಬಹುದೆಂದು ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು. ತೋರಿಸಿ ಬಂದ ವಾರವೇ ನಂಜುಂಡನಿಗೊಂದು ಪೂಜೆ. ಆ ವರ್ಷ ಹರಕೆ ಹೊರಲೂ ಹೋಗುವಂತಿರಲಿಲ್ಲ. ನಂಜನಗೂಡಿನದೇ ಒಂದು ಔಷಧ ಕಾರ್ಖಾನೆಯ ನೌಕರರಲ್ಲಿ ಸೋಂಕು ಹರಡಿ ಊರೇ ಬಂದಾಗಿತ್ತು. ಹಕೀಮನಿಗೂ ಕ್ವಾರಂಟೈನು.

ಕೊನೆಗೆ ಡಾಕ್ಟರು ಫೋನಿಗೆ ಸಿಕ್ಕರು. “ಗಾಬರಿಯಾಗಬೇಡಿ ಅಮ್ಮ. ಇದು ಮೈಯಿಂದ ಇಳಿಯೋದು ಬಹಳ ನಿಧಾನ. ಇವತ್ತೇ ನಿಲ್ಲಿಸಿದ್ರೂ ಅರ್ಧ ಇಳಿಯೋಕೆ ತಿಂಗಳ ಮೇಲಾಗುತ್ತೆ. ಸದ್ಯಕ್ಕೆ ದಿನ ಬಿಟ್ಟು ದಿನ ತಗೊಳ್ಳಿ.” ಸ್ಪೀಕರಿನಲ್ಲಿ ಕೇಳಿಸಿಕೊಂಡ ನಮ್ಮ ಮನೆಯವರು ಎದ್ದುಹೋಗಿ ಮುಂಬಾಗಿಲು ಹಾಕಿ ಬಂದರು. “ಊರಿಗೆಲ್ಲ ಸ್ಟಾಕ್ ಇರೋದು ನಿನ್ನ ಮೈಯಲ್ಲೇ ಅಂದಹಾಗಾಯ್ತು. ಹೊರಗೆ ಹೇಳಬೇಡ.”

ಹೇಳಬೇಕಾದವಳು ಒಬ್ಬಳಿದ್ದಳು. ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯವಾದ ಬನ್ನೂರು ಕಡೆಯ ಹುಡುಗಿ. ಅವಳಿಗೆ ಲೂಪಸ್. ಮಾತ್ರೆ ತಪ್ಪಿದರೆ ನನಗೆ ಬೆರಳು ಬಿಗಿಯುತ್ತದೆ, ಬೈದುಕೊಂಡು ಬಿಸಿನೀರಿಗೆ ಇಳಿಬಿಟ್ಟರಾಯಿತು. ಅವಳಿಗೆ ಕಾಯಿಲೆ ಕೆರಳಿದರೆ ಕಿಡ್ನಿಯವರೆಗೂ ಹೋಗುತ್ತದೆ. ಲಾಕ್‌ಡೌನ್‌ನಲ್ಲಿ ಸಂಜೆ ಹೊತ್ತು ಫೋನ್ ಮಾಡುತ್ತಿದ್ದಳು. “ಊಟ ಆಯ್ತಾ ಆಂಟಿ?” ಎಂದು ಕೇಳುತ್ತಿದ್ದಳೇ ಹೊರತು ಮಾತ್ರೆಯ ಸುದ್ದಿ ಎತ್ತುತ್ತಿರಲಿಲ್ಲ. ಎತ್ತದೇ ಇದ್ದದ್ದರಿಂದಲೇ ನನಗೆ ಗೊತ್ತಾಯಿತು. ಆ ಕಡೆಯಿಂದ ಬರುವ ತರಕಾರಿ ಗಾಡಿಯವನ ಕೈಯಲ್ಲಿ ನನ್ನ ಡಬ್ಬಿಯ ಅರ್ಧ ಸ್ಟ್ರಿಪ್ಪುಗಳನ್ನು ಕಳಿಸಿದೆ. ಮೂರನೇ ದಿನ ಅದೇ ಗಾಡಿಯಲ್ಲಿ ಒಂದು ಹೊರೆ ಅಲಸಂದೆಕಾಯಿ ಬಂತು. ಬಿಡಿಸಲು ನನ್ನ ಬೆರಳು ಬಗ್ಗುತ್ತಿರಲಿಲ್ಲ. ನಮ್ಮ ಮನೆಯವರು ಟೀವಿಯ ಮುಂದೆ ಕೂತು ಬಿಡಿಸಿದರು. ಟೀವಿಯಲ್ಲಿ ನಮ್ಮ ಮಾತ್ರೆಯದೇ ಚರ್ಚೆ.

ಜೂನ್ ಬಂತು. 5ರಂದು ಆಕ್ಸ್‌ಫರ್ಡ್‌ನ ರಿಕವರಿ ಪ್ರಯೋಗದವರು, ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಿಗೆ ಇದರಿಂದ ಉಪಯೋಗವಿಲ್ಲ ಎಂದರು. 15ರಂದು ಅಮೆರಿಕದ ಎಫ್‌ಡಿಎ ತಾನು ಕೊಟ್ಟಿದ್ದ ತುರ್ತು ಪರವಾನಗಿ ಹಿಂತೆಗೆದುಕೊಂಡಿತು. ನಮ್ಮ ಬೀದಿಯವರು ಕಷಾಯದ ಕಡೆ ತಿರುಗಿದರು. ಮೆಣಸು, ಶುಂಠಿಯ ರೇಟು ಏರಿತು.

ಒಂದು ಬೆಳಿಗ್ಗೆ ಗೇಟಿನ ಹೊರಗೆ ಮೂರು ಮಾರು ದೂರದಲ್ಲಿ ಒಬ್ಬರು ನಿಂತಿದ್ದರು. ಏಳು ಜನರ ಮನೆಯವರು. “ಶೆಟ್ಟರು ವಾಪಸ್ ತಗೊಳಲ್ಲ ಅಂದ್ರು. ನೀವು ತಗೋತೀರಂತೆ? ಎಂಆರ್‌ಪಿಲಿ ಹತ್ತು ಪರ್ಸೆಂಟ್ ಬಿಟ್ಟು ಕೊಡಿ.” ನಾನು ಇಪ್ಪತ್ತೈದಕ್ಕೆ ಇಳಿಸುವ ಹುರುಪಿನಲ್ಲಿ ಚೀಲ ಇಸಿದುಕೊಂಡು, ಎಕ್ಸ್‌ಪೈರಿ ತಾರೀಖು ನೋಡಿ, ಸ್ಟ್ರಿಪ್ಪು ಎಣಿಸಿದೆ. ಬನ್ನೂರಿಗೂ ನನಗೂ ಮಳೆಗಾಲ ಕಳೆಯುವಷ್ಟಿತ್ತು. ಒಂದರಲ್ಲಿ ಮಾತ್ರ ಒಂದು ಗುಳಿ ಒಡೆದಿತ್ತು.

“ಇದರಲ್ಲಿ ಒಂದು ಕಮ್ಮಿ ಇದೆಯಲ್ಲ?”

“ನಾನೇ ನುಂಗಿದೆ ಮೇಡಂ. ರಾತ್ರಿಯೆಲ್ಲ ಹೊಟ್ಟೆ ತೊಳೆಸ್ತು. ಇದನ್ನ ನೀವು ದಿನಾ ಹೇಗೆ ತಗೋತೀರಿ?”

ಇಷ್ಟು ವರ್ಷಗಳಲ್ಲಿ ನಮ್ಮ ಬೀದಿಯಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಹತ್ತು ಪರ್ಸೆಂಟಿಗೇ ಒಪ್ಪಿಕೊಂಡೆ. ಆ ಒಂದು ಮಾತ್ರೆಯ ದುಡ್ಡನ್ನು ಮಾತ್ರ ಮುರಿದುಕೊಂಡೆ.