ವೇಷ ಕಳಚಿದ ಮೇಲೆ

ನಿವೃತ್ತಿ ಎಂಬುದು ವಿಚಿತ್ರವಾದ ಪದ. ಗುಮಾಸ್ತನಿಗೆ ನಿವೃತ್ತಿ ಉಂಟು, ಅಮಲ್ದಾರನಿಗೆ ಉಂಟು, ನನ್ನಂಥ ಶಾಲೆಯ ಮೇಷ್ಟರಿಗೂ ಉಂಟು. ಒಂದು ದಿನ ಸಾಯಂಕಾಲ ಹಾರ ಹಾಕಿ, ಒಂದು ಗಡಿಯಾರವನ್ನೋ ಶಾಲನ್ನೋ ಕೈಗೆ ಕೊಟ್ಟು, ಇನ್ನು ನೀವು ಮನೆಗೆ ಹೋಗಬಹುದು ಎಂಬುದನ್ನು ಬಹಳ ಒಳ್ಳೆಯ ಮಾತುಗಳಲ್ಲಿ ಹೇಳಿ ಕಳುಹಿಸುತ್ತಾರೆ. ಮಾರನೆಯ ಬೆಳಗ್ಗೆ ಎದ್ದರೆ ಕುರ್ಚಿಯಿಲ್ಲ, ಗಂಟೆಯಿಲ್ಲ, ರುಜು ಹಾಕುವ ಪುಸ್ತಕವಿಲ್ಲ. ಇದು ನಮಗೆ ಅರ್ಥವಾಗುತ್ತದೆ. ಆದರೆ ನಟನೊಬ್ಬ ನಿವೃತ್ತನಾದ ಎಂದರೆ ಏನರ್ಥ? ಅವನು ಬಿಟ್ಟು ಬರಬೇಕಾದ್ದು ಕುರ್ಚಿಯಲ್ಲ. ಇಷ್ಟು ವರ್ಷ ತನ್ನ ಮೈಯೊಳಗೆ ಇಟ್ಟುಕೊಂಡು ತಿರುಗಿದ ಇನ್ನೊಬ್ಬ ಮನುಷ್ಯನನ್ನು.

ನಮ್ಮ ಬಯಲಾಟದವರಿಗೆ ಈ ತೊಡಕಿಲ್ಲ. ರಾತ್ರಿಯೆಲ್ಲ ಕೌರವನಾಗಿ ಗರ್ಜಿಸಿದವನು ಕೋಳಿ ಕೂಗುವ ಹೊತ್ತಿಗೆ ಮುಖಕ್ಕೆ ಎಣ್ಣೆ ಹಚ್ಚಿ, ಬಣ್ಣ ಒರೆಸಿ, ಒಂದು ಬೀಡಿ ಹೊತ್ತಿಸಿ ತನ್ನ ಹೊಲದ ದಾರಿ ಹಿಡಿಯುತ್ತಾನೆ. ಮುಂದಿನ ಆಟದವರೆಗೆ ಕೌರವ ಬೇರೆ, ಅವನು ಬೇರೆ. ಮೇಲಾಗಿ ಕೌರವ ಯಾರ ಸ್ವತ್ತೂ ಅಲ್ಲ. ಅವನನ್ನು ಕೊಂಡವರೂ ಇಲ್ಲ, ಮಾರಿದವರೂ ಇಲ್ಲ. ಅಮೆರಿಕದ ಟೆಲಿವಿಷನ್ ಜಗತ್ತಿನಲ್ಲಿ ಹಾಗಲ್ಲ. ಅಲ್ಲಿ ಪಾತ್ರವೂ ಒಂದು ಸ್ವತ್ತು. ಅದಕ್ಕೆ ಪತ್ರವುಂಟು, ಬೆಲೆಯುಂಟು, ಒಡೆಯನುಂಟು. ವೇಷ ತೊಟ್ಟವನಿಗೂ ವೇಷದ ಒಡೆಯನಿಗೂ ವ್ಯಾಜ್ಯ ಬಂದರೆ ಏನಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಕ್ಲೇಟನ್ ಮೂರ್ ಎಂಬ ನಟನ ಬಾಳನ್ನು ನೋಡಬೇಕು. ನಾನು ಕೆಲಸದಿಂದ ಬಿಡುಗಡೆಯಾದ ಮೇಲೆ ಅವನ ಕಥೆಯನ್ನು ಓದಿದೆ. ಅದಕ್ಕೇ ಅದು ಮನಸ್ಸಿಗೆ ಇಷ್ಟು ಹತ್ತಿಕೊಂಡಿತೋ ಏನೋ.

ಮೂರ್ ಹುಟ್ಟಿದ್ದು ಷಿಕಾಗೊ ನಗರದಲ್ಲಿ, ೧೯೧೪ರ ಸೆಪ್ಟೆಂಬರಿನಲ್ಲಿ. ಮನೆಯವರು ಇಟ್ಟ ಹೆಸರು ಜಾಕ್ ಕಾರ್ಲ್‌ಟನ್ ಮೂರ್. ಹುಡುಗನಿಗೆ ಸರ್ಕಸ್ಸಿನ ಹುಚ್ಚು. ಎತ್ತರದ ಉಯ್ಯಾಲೆಯಿಂದ ಉಯ್ಯಾಲೆಗೆ ಹಾರುವ ವಿದ್ಯೆಯನ್ನು ಕಲಿತು, ೧೯೩೪ರಲ್ಲಿ ಷಿಕಾಗೊದ ಜಾಗತಿಕ ವಸ್ತುಪ್ರದರ್ಶನದಲ್ಲಿ ಜನರೆದುರಿಗೆ ಆಡಿ ತೋರಿಸಿದ. ಅನಂತರ ಜಾಹಿರಾತುಗಳ ಚಿತ್ರಕ್ಕೆ ನಿಂತ. ಆ ದಶಕದ ಕೊನೆಯ ಹೊತ್ತಿಗೆ ಹಾಲಿವುಡ್ ಸೇರಿ, ಬೇರೆಯವರ ಬದಲಿಗೆ ಕುದುರೆಯಿಂದ ಬೀಳುವುದು, ಒಂದೆರಡು ಮಾತಿನ ಪಾತ್ರ ಮಾಡುವುದು, ಹೀಗೆ ಹೊಟ್ಟೆ ಹೊರೆದ. ಯುದ್ಧ ಬಂತು, ಸೈನ್ಯದ ವಿಮಾನದಳದಲ್ಲಿ ಕೆಲಸ ಮಾಡಿ ಬಂದ. ಆಗಿನ ಕಾಲದಲ್ಲಿ ವಾರಕ್ಕೊಂದು ಕಂತಿನಂತೆ ಬರುವ ಸಾಹಸದ ಚಿತ್ರಗಳಿದ್ದುವು. ಪ್ರತಿ ಕಂತಿನ ಕೊನೆಯಲ್ಲಿಯೂ ನಾಯಕನನ್ನು ಬಂಡೆಯ ತುದಿಯಲ್ಲಿ ತೂಗಾಡಲು ಬಿಟ್ಟು, ಮುಂದಿನ ವಾರ ಬಂದು ನೋಡಿ ಎನ್ನುವ ಚಿತ್ರಗಳು. ಮೂರ್ ಅಂಥವುಗಳಲ್ಲಿ ಹೆಸರು ಮಾಡಿದ. ೧೯೪೯ರಲ್ಲಿ ‘ಘೋಸ್ಟ್ ಆಫ್ ಝೋರೊ’ ಎಂಬ ಚಿತ್ರದಲ್ಲಿ ಮುಖವಾಡ ಹಾಕಿ ಕುದುರೆಯೇರಿದ. ಆ ಮುಖವಾಡವೇ ಅವನ ಹಣೆಬರಹವಾಯಿತೆನ್ನಬೇಕು.

ಏಕೆಂದರೆ ಅದೇ ಸುಮಾರಿನಲ್ಲಿ ಜಾರ್ಜ್ ಟ್ರೆಂಡಲ್ ಎಂಬಾತನಿಗೆ ಮುಖವಾಡದ ನಾಯಕನೊಬ್ಬ ಬೇಕಾಗಿದ್ದ. ಈತ ಡೆಟ್ರಾಯಿಟ್ಟಿನ ರೇಡಿಯೊ ಕೇಂದ್ರದ ಯಜಮಾನ. ೧೯೩೩ರಿಂದ ಆ ಕೇಂದ್ರದಿಂದ ‘ದಿ ಲೋನ್ ರೇಂಜರ್’ ಎಂಬ ನಾಟಕಮಾಲೆ ಪ್ರಸಾರವಾಗುತ್ತಿತ್ತು. ಕಥೆ ಹೀಗೆ: ಟೆಕ್ಸಾಸಿನ ಆರು ಮಂದಿ ಕಾವಲು ಸವಾರರು ಕಣಿವೆಯೊಂದರಲ್ಲಿ ದರೋಡೆಕೋರರ ಹೊಂಚಿಗೆ ಸಿಕ್ಕಿ ಬೀಳುತ್ತಾರೆ. ಐವರು ಸಾಯುತ್ತಾರೆ, ಒಬ್ಬನಲ್ಲಿ ಉಸಿರು ಉಳಿದಿರುತ್ತದೆ. ಟಾಂಟೊ ಎಂಬ ಮೂಲನಿವಾಸಿ ಅವನನ್ನು ಕಂಡು ಆರೈಕೆ ಮಾಡಿ ಬದುಕಿಸುತ್ತಾನೆ. ಅಲ್ಲಿ ಐದಲ್ಲ, ಆರು ಗೋರಿಗಳನ್ನು ತೋಡುತ್ತಾರೆ, ಆರನೆಯವನೂ ಸತ್ತನೆಂದು ಜನ ತಿಳಿಯಲಿ ಎಂದು. ಬದುಕಿದವನು ಸತ್ತ ಅಣ್ಣನ ಅಂಗಿಯ ಬಟ್ಟೆಯಿಂದ ಮುಖವಾಡ ಮಾಡಿಕೊಂಡು, ಅಂದಿನಿಂದ ಹೆಸರಿಲ್ಲದವನಾಗಿ ನ್ಯಾಯಕ್ಕಾಗಿ ಅಲೆಯುತ್ತಾನೆ. ಅವನು ಕುಡಿಯುವುದಿಲ್ಲ, ಸೇದುವುದಿಲ್ಲ, ಕೊಲ್ಲಬೇಕೆಂದು ಗುಂಡು ಹಾರಿಸುವುದಿಲ್ಲ. ವ್ಯಾಕರಣ ತಪ್ಪಿ ಮಾತಾಡುವುದೂ ಇಲ್ಲ! ಇದೆಲ್ಲ ಬರೆಯುವವರಿಗೆ ಹಾಕಿಕೊಟ್ಟಿದ್ದ ಕಟ್ಟಳೆ.

೧೯೪೯ರ ಸೆಪ್ಟೆಂಬರ್ ೧೫ರಂದು ಇದು ಟೆಲಿವಿಷನ್ನಿಗೆ ಬಂತು, ನಾಯಕ ಮೂರ್. ರೇಡಿಯೊದಲ್ಲಿ ಬ್ರೇಸ್ ಬೀಮರ್ ಎಂಬುವನ ಗಂಭೀರ ಕಂಠ ಜನರ ಕಿವಿಯಲ್ಲಿ ಮನೆಮಾಡಿತ್ತು. ಮೂರ್ ತನ್ನ ದನಿಯನ್ನು ಅದಕ್ಕೆ ಹತ್ತಿರವಾಗುವಂತೆ ಪಳಗಿಸಿಕೊಂಡ. ಮುಖ ಮುಚ್ಚಿದವನಿಗೆ ದನಿಯೇ ತಾನೆ ಮುಖ!

ಆ ಹಳೆಯ ಕಂತುಗಳಲ್ಲಿ ಕೆಲವನ್ನು ಮೊಮ್ಮಗ ತನ್ನ ಫೋನಿನಲ್ಲಿ ಹುಡುಕಿಕೊಟ್ಟ; ಇಬ್ಬರೂ ಕೂತು ನೋಡಿದೆವು. ರೊಸ್ಸೀನಿಯ ಸಂಗೀತದ ಓಟಕ್ಕೆ ಸರಿಯಾಗಿ ಬಿಳಿಯ ಕುದುರೆ ಬಂಡೆಯ ಪಕ್ಕದಲ್ಲಿ ಮುಂಗಾಲೆತ್ತಿ ನಿಲ್ಲುತ್ತದೆ. ಹುಡುಗ ಒಂದು ಗಳಿಗೆ ಸುಮ್ಮನಿದ್ದು, “ತಾತ, ಮುಖ ಮುಚ್ಕೊಳ್ಳೋದು ಕಳ್ಳರಲ್ವಾ?” ಎಂದ. ಒಳ್ಳೆಯ ಪ್ರಶ್ನೆ. ಆ ಕಥೆಗಳಲ್ಲಿಯೇ ಊರಿನವರು ಅವನನ್ನು ಕಂಡು ಮೊದಲು ಕೋವಿಗೆ ಕೈಹಾಕುತ್ತಾರೆ. ಅವನು ಪ್ರತಿಸಲವೂ ತನ್ನ ನಡತೆಯಿಂದಲೇ ತಾನು ಕಳ್ಳನಲ್ಲವೆಂದು ತೋರಿಸಿಕೊಡಬೇಕು. “ಕಳ್ಳ ಮುಖ ಮುಚ್ಕೊಳ್ಳೋದು ಸಿಕ್ಕಿಬೀಳಬಾರದು ಅಂತ. ಇವನು ಮುಚ್ಕೊಂಡಿರೋದು ಹೊಗಳಿಸ್ಕೋಬಾರದು ಅಂತ” ಎಂದೆ. ಹುಡುಗನಿಗೆ ಅದು ಒಪ್ಪಿಗೆಯಾದಂತೆ ಕಾಣಲಿಲ್ಲ. ಈಗಿನ ಹುಡುಗರಿಗೆ ಹೊಗಳಿಕೆ ಬೇಡ ಎನ್ನುವವನು ಕಳ್ಳನಿಗಿಂತ ಅನುಮಾನದ ಮನುಷ್ಯ.

ಒಂದು ಸಂಗತಿ ಸ್ವಾರಸ್ಯವಾಗಿದೆ. ೧೯೫೨ರಲ್ಲಿ ಮೂರ್‌ನನ್ನು ಬಿಟ್ಟು ಜಾನ್ ಹಾರ್ಟ್ ಎಂಬ ಬೇರೊಬ್ಬ ನಟನನ್ನು ತಂದರು. ಮುಖವಾಡ ಅದೇ, ಟೊಪ್ಪಿಗೆ ಅದೇ, ಕುದುರೆ ಅದೇ. ಒಳಗಿರುವವನು ಯಾರಾದರೇನು ಎಂದು ಲೆಕ್ಕ ಹಾಕಿದ್ದಿರಬೇಕು. ಐವತ್ತೆರಡು ಕಂತುಗಳು ಹಾಗೆ ನಡೆದುವು. ಅನಂತರ ಮೂರ್‌ನನ್ನೇ ಮತ್ತೆ ಕರೆತಂದರು. ೧೯೫೭ರಲ್ಲಿ ಮಾಲೆ ಮುಗಿದಾಗ ಒಟ್ಟು ೨೨೧ ಕಂತುಗಳಾಗಿದ್ದುವು. ಅವುಗಳಲ್ಲಿ ೧೬೯ ಮೂರ್‌ನದು. ಮುಖ ಮುಚ್ಚಿದ್ದರೂ ಒಳಗೆ ಒಬ್ಬ ಇರುತ್ತಾನೆ ಎಂಬುದು ಆಗಲೇ ಗೊತ್ತಾಗಿದ್ದ ವಿಷಯ. ಮುಂದೆ ಅದನ್ನು ಮರೆತರು.

ಇಲ್ಲಿ ಟಾಂಟೊವಿನ ಮಾತನ್ನು ಹೇಳದೆ ಮುಂದೆ ಹೋದರೆ ಅನ್ಯಾಯವಾದೀತು. ಆ ಪಾತ್ರ ಮಾಡಿದವನು ಜೇ ಸಿಲ್ವರ್‌ಹೀಲ್ಸ್. ಕೆನಡದ ಆಂಟೇರಿಯೊ ಪ್ರಾಂತದಲ್ಲಿ ಮೋಹಾಕ್ ಜನಾಂಗದಲ್ಲಿ ಹುಟ್ಟಿದವನು. ಒಳ್ಳೆಯ ಆಟಗಾರ, ಕುಸ್ತಿಯಂತೆಯೇ ಮುಷ್ಟಿಯುದ್ಧವನ್ನೂ ಬಲ್ಲ ಮೈಕಟ್ಟಿನವನು. ನಾಯಕ ಶುದ್ಧ ವ್ಯಾಕರಣದಲ್ಲಿ ಮಾತಾಡಬೇಕೆಂಬ ಕಟ್ಟಳೆ ಇದ್ದಂತೆ, ಇವನು ಮುರುಕು ಇಂಗ್ಲಿಷಿನಲ್ಲಿಯೇ ಮಾತಾಡಬೇಕು! ಚೆನ್ನಾಗಿ ಮಾತು ಬಲ್ಲವನು ಬಾರದವನಂತೆ ವರ್ಷಗಟ್ಟಲೆ ನಟಿಸಬೇಕಾಯಿತು. ಮೂರ್ ಸಂಜೆಗೆ ಮುಖವಾಡವನ್ನು ತೆಗೆದು ಮೇಜಿನ ಮೇಲೆ ಇಡಬಹುದಾಗಿತ್ತು. ಸಿಲ್ವರ್‌ಹೀಲ್ಸ್‌ಗೆ ಹುಟ್ಟಿನಿಂದ ಬಂದ ಮುಖವನ್ನೇ ಜನ ಮುಖವಾಡ ಮಾಡಿಬಿಟ್ಟಿದ್ದರು. ಅದನ್ನು ತೆಗೆಯುವುದೆಲ್ಲಿಂದ ಬಂತು? ಆದರೆ ಅವನು ಕೈಕಟ್ಟಿ ಕೂರಲಿಲ್ಲ. ೧೯೬೦ರ ದಶಕದಲ್ಲಿ ಲಾಸ್ ಏಂಜಲೀಸಿನಲ್ಲಿ ತನ್ನ ಜನರಿಗೆ ನಟನೆ ಕಲಿಸುವ ಶಿಕ್ಷಣಶಾಲೆಯೊಂದನ್ನು ಕಟ್ಟಲು ಮುಂದಾದ. ಮುರುಕು ಮಾತಿನ ಟಾಂಟೊ ನೂರಾರು ಕಂತುಗಳಲ್ಲಿ ಮಾಡಿದ ಸಾಹಸಗಳಿಗಿಂತ ಇದು ದೊಡ್ಡದೆಂದು ನನ್ನ ಎಣಿಕೆ.

ಮಾಲೆ ನಿಂತಿತು. ೧೯೫೮ರಲ್ಲಿ ಕೊನೆಯ ಚಲನಚಿತ್ರವೂ ಆಯಿತು. ಮೂರ್‌ಗೆ ಆಗ ನಲವತ್ತನಾಲ್ಕು ವರ್ಷ. ಬೇರೆ ಪಾತ್ರಗಳು ಬಹುಮಟ್ಟಿಗೆ ನಿಂತುಹೋದುವು. ಲೋಕದ ಲೆಕ್ಕದಲ್ಲಿ ನಟ ನಿವೃತ್ತನಾದ. ಅವನು ಮಾಡಿದ್ದೇನು? ಅದೇ ಬಿಳಿಯ ಟೊಪ್ಪಿಗೆ ಇಟ್ಟು, ಅದೇ ಮುಖವಾಡ ಕಟ್ಟಿ ಊರೂರು ತಿರುಗಿದ. ಜಾತ್ರೆಗಳಿಗೆ ಹೋದ, ಅಂಗಡಿಗಳ ಆರಂಭೋತ್ಸವಗಳಿಗೆ ಹೋದ, ಆಸ್ಪತ್ರೆಗಳಲ್ಲಿ ಮಲಗಿದ್ದ ಮಕ್ಕಳನ್ನು ನೋಡಿಬಂದ. ಇದರಿಂದ ಅವನಿಗೆ ಸಂಪಾದನೆಯೂ ಇತ್ತು. ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಸಂಪಾದನೆಗೆಂದು ಹೊರಟ ದಾರಿ ಎಷ್ಟೋ ಸಲ ವ್ರತವಾಗಿ ತಿರುಗುತ್ತದೆ. ಆ ಪಾತ್ರದ ನಡತೆಗೆ ತಕ್ಕಂತೆ ಬಾಳಬೇಕೆಂಬುದೇ ತನ್ನ ಆಸೆ ಎಂದು ಅವನು ಮತ್ತೆ ಮತ್ತೆ ಹೇಳುತ್ತಿದ್ದ. ಹೀಗೆ ಇಪ್ಪತ್ತು ವರ್ಷ ಕಳೆಯಿತು.

ಆ ವೇಳೆಗೆ ಪಾತ್ರದ ಒಡೆಯ ಟ್ರೆಂಡಲ್ ಆಗಿರಲಿಲ್ಲ. ೧೯೫೪ರಲ್ಲಿಯೇ ಜ್ಯಾಕ್ ರ್‍ಯಾದರ್ ಎಂಬ ಉದ್ಯಮಿ ಮೂವತ್ತು ಲಕ್ಷ ಡಾಲರಿಗೆ ಅದನ್ನು ಕೊಂಡಿದ್ದ. ಅವನಿಗೆ ಹೊಸ ನಟನನ್ನು ಇಟ್ಟು ಹೊಸ ಚಿತ್ರ ತೆಗೆಯುವ ಮನಸ್ಸು ಬಂತು. ಅರವತ್ತು ದಾಟಿದ ಮುದುಕನೊಬ್ಬ ಅದೇ ವೇಷದಲ್ಲಿ ಊರೂರು ಸುತ್ತುತ್ತಿದ್ದರೆ ಜನ ಯಾರನ್ನು ನಿಜವಾದವನೆಂದು ತಿಳಿದಾರು? ೧೯೭೯ರಲ್ಲಿ ಅವನು ಕೋರ್ಟಿಗೆ ಹೋಗಿ ಆಜ್ಞೆ ತಂದ: ಮೂರ್ ಇನ್ನು ಮುಂದೆ ಲೋನ್ ರೇಂಜರ್ ಆಗಿ ಜನರೆದುರಿಗೆ ಬರಕೂಡದು, ಮುಖವಾಡ ಹಾಕಕೂಡದು.

ಕಾಯಿದೆಯ ಕಣ್ಣಿನಿಂದ ನೋಡಿದರೆ ರ್‍ಯಾದರ್ ಮಾಡಿದ್ದು ತಪ್ಪೆನ್ನಲಾರೆ. ಹಣ ಕೊಟ್ಟು ತೋಟ ಕೊಂಡವನು ಬೇಲಿ ಹಾಕಬಾರದೆ? ಆದರೆ ತೋಟದಲ್ಲಿ ಮೂವತ್ತು ವರ್ಷ ನೀರು ಹೊತ್ತವನು ಬೇಲಿಯ ಹೊರಗೆ ನಿಂತಿರುವುದನ್ನು ನೋಡಿದಾಗ ಕಾಯಿದೆಗೆ ಇರುವುದು ಒಂದೇ ಕಣ್ಣೇನೋ ಎನಿಸುತ್ತದೆ. ನನ್ನ ಮಾತನ್ನೇ ತೆಗೆದುಕೊಳ್ಳಿ. ಪಾಠ ಹೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಈಗಲೂ ತರಕಾರಿ ಅಂಗಡಿಯವನು “ಏನ್ ಮೇಷ್ಟ್ರೇ, ಬದನೆಕಾಯಿ ಎಳೇದಿದೆ” ಎನ್ನುತ್ತಾನೆ. ಮೇಷ್ಟ್ರು ಎಂದು ಕರೆದವನ ಎದುರಿಗೆ ಚೌಕಾಸಿಯಲ್ಲಿ ಸುಳ್ಳಾಡಲು ನಾಲಗೆ ಹಿಂದೆಗೆಯುತ್ತದೆ. ಪಿಂಚಣಿ ನನ್ನ ಹೊಟ್ಟೆ ನೋಡಿಕೊಳ್ಳುತ್ತದೆ. ಆ ಒಂದು ಪದ ನನ್ನ ನಡತೆಯನ್ನು ನೋಡಿಕೊಳ್ಳುತ್ತದೆ. ನಾಳೆ ಯಾರಾದರೂ ಬಂದು, ಆ ಹೆಸರು ಇಲಾಖೆಯ ಸ್ವತ್ತು, ನಿಮ್ಮನ್ನು ಹಾಗೆ ಕರೆಯಕೂಡದು ಎಂದರೆ ನನಗೆ ನಷ್ಟವಾಗುವುದು ಏನೆಂದು ಯಾವ ಕೋರ್ಟು ಲೆಕ್ಕ ಹಾಕೀತು?

ಮೂರ್ ಏನು ಮಾಡಿದ ಎನ್ನುವುದು ನನಗೆ ತುಂಬ ಹಿಡಿಸಿತು. ಅವನು ಕೋರ್ಟಿನ ಆಜ್ಞೆ ಮೀರಲಿಲ್ಲ. ನ್ಯಾಯ ಕಾಪಾಡುವ ಸವಾರನಾಗಿದ್ದವನು ಹೇಗೆ ಮೀರಿಯಾನು? ಮುಖವಾಡವನ್ನು ಬಿಚ್ಚಿಟ್ಟು, ಕಣ್ಣಿನ ಎರಡು ಪಕ್ಕಕ್ಕೂ ಸುತ್ತಿಬರುವ ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡ. ಟೊಪ್ಪಿಗೆ ಇಟ್ಟು ಮತ್ತೆ ಹೊರಟ! ಕನ್ನಡಕಕ್ಕೆ ಕಾಯಿದೆಯಲ್ಲಿ ಅಡ್ಡಿ ಇರಲಿಲ್ಲ. ಜೊತೆಗೆ ತಾನೂ ಎದುರುದಾವೆ ಹೂಡಿದ. ಜನ ಕಾಗದ ಬರೆದರು, ಸಹಿ ಹಾಕಿದರು. ಅಷ್ಟು ದಿನ ಅವನ ಹೆಸರು ತಿಳಿಯದೆ ಮುಖವಾಡವನ್ನು ಮಾತ್ರ ಕಂಡಿದ್ದವರೂ ಈಗ ಮುಖವಾಡವಿಲ್ಲದವನ ಹೆಸರು ತಿಳಿದುಕೊಂಡರು.

ಈ ನಡುವೆ, ೧೯೮೦ರ ಮಾರ್ಚಿನಲ್ಲಿ, ಸಿಲ್ವರ್‌ಹೀಲ್ಸ್ ತೀರಿಕೊಂಡ. ಕಥೆಯಲ್ಲಿ ಗೋರಿಯಿಂದ ಎಬ್ಬಿಸಿದ ಗೆಳೆಯ ಬಾಳಿನಲ್ಲಿ ಮೊದಲು ಹೋದ. ಮೂರ್‌ನ ಮುಖದ ಮೇಲೆ ಆಗ ಮುಖವಾಡವೂ ಇರಲಿಲ್ಲ, ಪಕ್ಕದಲ್ಲಿ ಟಾಂಟೊವೂ ಇರಲಿಲ್ಲ. ಅವನ ಬಾಳಿನ ಬರಿಯ ದಿನಗಳೆಂದರೆ ಅವೇ.

೧೯೮೧ರಲ್ಲಿ ಹೊಸ ಚಿತ್ರ ಬಂತು. ಕ್ಲಿಂಟನ್ ಸ್ಪಿಲ್ಸ್‌ಬರಿ ಎಂಬ ಹೊಸ ಯುವಕ ನಾಯಕ. ಅವನ ಮಾತನ್ನು ಬೇರೊಬ್ಬ ನಟನ ದನಿಯಲ್ಲಿ ತುಂಬಿಸಿದ್ದರು. ಚಿತ್ರ ನೆಲಕಚ್ಚಿತು. ದುಡ್ಡಿನಿಂದ ಪಾತ್ರದ ಹಕ್ಕನ್ನು ಕೊಳ್ಳಬಹುದು. ಜನ ತಮ್ಮ ಬಾಲ್ಯದಲ್ಲಿ ಯಾರ ದನಿ ಕೇಳಿದ್ದರೋ ಆ ದನಿಯನ್ನು ಕ್ರಯಪತ್ರದಲ್ಲಿ ಬರೆಯಿಸಿಕೊಳ್ಳುವುದು ಕಷ್ಟ. ಆಜ್ಞೆ ಬಂದು ಸುಮಾರು ಐದು ವರ್ಷಗಳ ಮೇಲೆ ಮೂರ್‌ಗೆ ಮುಖವಾಡ ಮರಳಿ ಬಂತು. ಆಗ ಅವನಿಗೆ ಎಪ್ಪತ್ತರ ಪ್ರಾಯ. ಯಾವ ಟೆಲಿವಿಷನ್ ಕಂತಿಗೂ ಬೇಡವಾಗಿದ್ದ ವಯಸ್ಸು. ಆದರೂ ಹಳೆಯ ಮುಖವಾಡವನ್ನು ಮತ್ತೆ ಕಟ್ಟಿಕೊಂಡ.

ಇದನ್ನು ಹುಚ್ಚೆನ್ನುವವರು ಇರಬಹುದು. ವೇಷಕ್ಕೆ ಅಂಟಿಕೊಂಡು ತನ್ನತನ ಕಳೆದುಕೊಂಡ ಎಂದು ಪಂಡಿತರು ಹೇಳಬಹುದು. ವೇಷ ಕಳಚಿದ ಮೇಲೆ ಒಳಗಿರುವ ನಿಜವಾದ ಮನುಷ್ಯ ಹೊರಬರುತ್ತಾನೆಂದು ನಾವೆಲ್ಲ ನಂಬಿಕೊಂಡಿದ್ದೇವೆ. ಹಾಗೆ ಹೊರಬರುವವನು ಅನೇಕವೇಳೆ ನಮ್ಮ ವೇಷಕ್ಕಿಂತ ಸಣ್ಣವನೇ. ತಂದೆ ಎಂಬ ವೇಷ, ಹಿರಿಯನೆಂಬ ವೇಷ, ಮೇಷ್ಟ್ರೆಂಬ ವೇಷ ನಮ್ಮನ್ನು ಸ್ವಲ್ಪ ಮೇಲಕ್ಕೆ ಹಿಡಿದು ನಿಲ್ಲಿಸಿರುತ್ತವೆ. ಅವು ಜಾರಿದ ದಿನ ಏನಾಗುತ್ತೇವೋ ಎಂಬ ಭಯ ನನಗಂತೂ ಉಂಟು. ಮೂರ್ ತನಗಿಂತ ದೊಡ್ಡದಾದ ಒಂದು ವೇಷವನ್ನು ಕಂಡ. ಅದರ ಅಳತೆಗೆ ಬೆಳೆಯಲು ನಲವತ್ತು ವರ್ಷ ಯತ್ನಿಸಿದ. ಪೂರ್ತಿ ಬೆಳೆದನೋ ಇಲ್ಲವೋ ಅವನ ಮನೆಯವರು ಹೇಳಬೇಕು.

೧೯೮೭ರಲ್ಲಿ ಹಾಲಿವುಡ್ಡಿನ ಕಾಲುದಾರಿಯಲ್ಲಿ ಅವನ ಹೆಸರಿನ ನಕ್ಷತ್ರವನ್ನು ಕೂರಿಸಿದರು. ಅದರಲ್ಲಿ ನಟನ ಹೆಸರಿನ ಜೊತೆಗೆ ಪಾತ್ರದ ಹೆಸರನ್ನೂ ಕೆತ್ತಿದರು. ೧೯೯೬ರಲ್ಲಿ ಅವನ ಆತ್ಮಕಥೆ ಬಂತು. ಆ ಮುಖವಾಡದ ಮನುಷ್ಯ ನಾನೇ ಎಂಬರ್ಥದ ಹೆಸರಿನಿಂದ. ೧೯೯೯ರ ಡಿಸೆಂಬರ್ ೨೮ರಂದು, ಎಂಬತ್ತೈದನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡ.

ಅವನು ತೊಡುತ್ತಿದ್ದ ಮುಖವಾಡವೊಂದು ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಕಣ್ಣಿಗೆ ಎರಡು ತೂತುಗಳಿರುವ ಕಪ್ಪು ತುಂಡು, ಅಷ್ಟೆ. ಮೂವತ್ತು ಲಕ್ಷ ಡಾಲರಿನ ಕ್ರಯ, ಕೋರ್ಟಿನ ಆಜ್ಞೆ, ಎದುರುದಾವೆ ಎಲ್ಲ ಇಷ್ಟಗಲದ ಆ ತುಂಡಿಗಾಗಿ. ಒಡೆಯನೂ ಹೋದ, ತೊಟ್ಟವನೂ ಹೋದ. ಅದನ್ನು ಈಗ ಯಾರು ಬೇಕಾದರೂ ನೋಡಬಹುದು. ಕಟ್ಟಿಕೊಳ್ಳುವವರು ಮಾತ್ರ ಇಲ್ಲ.