ಏರೋಳ್ಳಿ ಮೇಷ್ಟ್ರು

ನಮ್ಮವ್ವನ ಬಾಯಲ್ಲಿ ನಮ್ಮೂರು ಹೇರೋಹಳ್ಳಿ ಅಲ್ಲ, ಏರೋಳ್ಳಿ. ಮಾಗಡಿ ರಸ್ತೆಯುದ್ದಕ್ಕೂ ಹಳಬರ ಮಾತು ಹಾಗೇ. ಹಾಲು ಆಲಾಗುತ್ತದೆ, ಹಣ ಅಣವಾಗುತ್ತದೆ. ನನ್ನ ನಾಲಿಗೆಯೂ ಅದೇ. ನಲವತ್ತಾರು ವರ್ಷ ಅದರಿಂದ ನನಗೆ ಒಂದು ಪೈಸೆ ನಷ್ಟವಾಗಿರಲಿಲ್ಲ.

ಪೀಣ್ಯದ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ 21 ವರ್ಷ ಇದ್ದೆ. ಮೈಕ್ರೋಮೀಟರ್ ಹಿಡಿದು ಬುಷ್ಷು, ಶಾಫ್ಟು ಅಳೆಯುವ ಕೆಲಸ. 2015ರಲ್ಲಿ ನಮ್ಮ ಲೈನ್ ನಿಂತಿತು. ಕೈಗೆ ಬಂದ ಸೆಟ್ಲ್‌ಮೆಂಟಿನಲ್ಲಿ ಅಂಗಡಿ ಇಡು ಅಂತ ಭಾಮೈದ ಹೇಳಿದ. ನಾನು ಬಿ.ಎಡ್.ಗೆ ಸೇರಿದೆ. ಬಿ.ಎ.ನಲ್ಲಿ ಇಂಗ್ಲಿಷ್ ಓದಿದ್ದೆ, ಸಂಜೆ ಹೊತ್ತು ಹಜಾರದಲ್ಲಿ ಅಕ್ಕಪಕ್ಕದ ಮಕ್ಕಳಿಗೆ ಗ್ರಾಮರ್ ಹೇಳಿಕೊಡುತ್ತಿದ್ದೆ, ಆ ಧೈರ್ಯ. ನನ್ನ ಅದೃಷ್ಟಕ್ಕೆ ಆ ವರ್ಷದಿಂದಲೇ ಬಿ.ಎಡ್. ಒಂದು ವರ್ಷದ್ದು ಎರಡು ವರ್ಷದ್ದಾಯಿತು. ಇಪ್ಪತ್ತೆರಡರ ಹುಡುಗಿಯರ ನಡುವೆ ಚಾರ್ಟ್ ಅಂಟಿಸುತ್ತಾ ಕೂತೆ. ಅವರೆಲ್ಲ ನನ್ನನ್ನು ‘ಅಂಕಲ್’ ಅನ್ನುತ್ತಿದ್ದರು.

ಪಾಸಾದ ಮೇಲೆ ಸುತ್ತಮುತ್ತಲ ಶಾಲೆಗಳಲ್ಲಿ ಹನ್ನೊಂದು ಸಾವಿರ ಅಂದರು. ಕೆಲವರು ಅಷ್ಟನ್ನೂ ಅನ್ನದೆ ವಯಸ್ಸು ಕೇಳಿ ಫೈಲ್ ವಾಪಸ್ ಕೊಟ್ಟರು. ಇಂಗ್ಲಿಷ್ ಕಲಿಸುವುದನ್ನೇ 1963ರಿಂದ ಕಲಿಸುತ್ತಿರುವ ಪ್ರಾದೇಶಿಕ ಸಂಸ್ಥೆ ಈಗ ಜ್ಞಾನಭಾರತಿ ಆವರಣದಲ್ಲಿದೆ. ಮನೆಯಿಂದ ದೂರವೇನಲ್ಲ. ಆದರೆ ಅದು ದಕ್ಷಿಣದ ರಾಜ್ಯಗಳ ಸರ್ಕಾರಿ ಮೇಷ್ಟ್ರುಗಳಿಗಾಗಿ ಇರುವುದು, ನನ್ನಂಥವರಿಗಲ್ಲ. ಮಗಳು ಪಿಯುಸಿ ಮುಗಿಸಿದ್ದಳು. ಹೊರದೇಶವೇ ಗತಿ ಅಂತ ಗಟ್ಟಿಮಾಡಿಕೊಂಡೆ.

ಕೊರಿಯಾ ಅಂತ ಮೊದಲು ಆಸೆಪಟ್ಟೆ. ಅಲ್ಲಿ ಇಂಗ್ಲಿಷ್ ಮೇಷ್ಟ್ರ ವೀಸಾಕ್ಕೆ ಏಳು ದೇಶಗಳ ಪಟ್ಟಿಯಿದೆ: ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಇನ್ನೂರು ವರ್ಷ ಬ್ರಿಟಿಷರ ಕೈಕೆಳಗೆ ಕೂತು ಕಲಿತದ್ದು ಲೆಕ್ಕಕ್ಕಿಲ್ಲ. ಬೇರೆ ದೇಶಗಳ ಶಾಲೆಗಳವರು ಸ್ಕೈಪ್‌ನಲ್ಲಿ ಡೆಮೋ ಕ್ಲಾಸ್ ಕೇಳುತ್ತಿದ್ದರು. ಒಟ್ಟು ಏಳು ಡೆಮೋ ಕೊಟ್ಟೆ. ಬಾಗಿಲು ಹಾಕಿಕೊಂಡು, ಮೇಲೆ ಶರ್ಟು ಟೈ, ಕೆಳಗೆ ಪಂಚೆ. ಮೂರನೆಯದರಲ್ಲಿ ‘ಹೌಸ್’ ಪಾಠ ಮಾಡುತ್ತಾ ‘ಔಸ್’ ಅಂದುಬಿಟ್ಟೆ. ಆ ಕಡೆಯ ಹೆಂಗಸು ನಕ್ಕು ಇನ್ನೊಮ್ಮೆ ಹೇಳಿ ಅಂದಳು. ಎಚ್ಚರ ವಹಿಸಿ ಹೇಳಲು ಹೋಗಿ ಮುಂದಿನ ವಾಕ್ಯದಲ್ಲಿ ‘ಏರ್’ ಅನ್ನಬೇಕಾದಲ್ಲಿ ‘ಹೇರ್’ ಅಂದೆ. ಅಲ್ಲಿಗೆ ಸ್ಕ್ರೀನ್ ಆಫ್ ಆಯಿತು. ಬಾಗಿಲಾಚೆ ಕೂತಿದ್ದ ಅವ್ವ, “ಏನ್ಲಾ ಅದು, ಅಂಗ್ ಉಸಿರು ಬುಡ್ತಾ ಇದ್ದೀಯ?” ಅಂತ ಕೇಳಿತು. ಅವತ್ತು ಅದರ ಮೇಲೆ ರೇಗಿದ್ದಕ್ಕೆ ಈಗಲೂ ಕೆಟ್ಟದೆನಿಸುತ್ತದೆ.

ಕೊನೆಗೆ ಸಿಕ್ಕಿದ್ದು ಮಾಲ್ಡೀವ್ಸ್. ಅಲ್ಲಿಯ ಶಾಲೆಗಳಲ್ಲಿ ಪಾಠ ಇಂಗ್ಲಿಷಿನಲ್ಲೇ, ಕೇರಳ, ತಮಿಳುನಾಡಿನ ಮೇಷ್ಟ್ರುಗಳು ಎಷ್ಟೋ ಕಾಲದಿಂದ ಹೋಗುತ್ತಿದ್ದಾರೆ. ಏಜೆಂಟ್ ಒಬ್ಬ ₹1,60,000 ಕೇಳಿದ. ಹೆಂಡತಿಯ ಎರಡೆಳೆ ಸರ ಸೊಸೈಟಿಯಲ್ಲಿ ಗಿರವಿ ಬಿತ್ತು. ಪೊಲೀಸ್ ಕ್ಲಿಯರೆನ್ಸ್‌ಗೆ ಲಾಲ್‌ಬಾಗ್ ರಸ್ತೆಯ ಪಾಸ್‌ಪೋರ್ಟ್ ಸೇವಾ ಕೇಂದ್ರ, ಸರ್ಟಿಫಿಕೇಟಿಗೆ ಸೀಲು ಹಾಕಿಸಲು ಎಂ.ಎಸ್. ಬಿಲ್ಡಿಂಗ್ ಅಂತ ಎರಡು ತಿಂಗಳು ಬಿಎಂಟಿಸಿ ಪಾಸಿನಲ್ಲಿ ಓಡಾಡಿದೆ. “ಸಾರ್, ನೀವು ಹೋಗಿ ಇಳಿದರೆ ಸಾಕು, ನಮ್ಮವರು ಬೋರ್ಡ್ ಹಿಡಿದು ನಿಂತಿರ್ತಾರೆ” ಅಂತ ಏಜೆಂಟ್ ಅಂದಿದ್ದ.

2019ರ ಜನವರಿಯಲ್ಲಿ ಇಳಿದೆ. ಬೋರ್ಡ್ ಹಿಡಿದವರು ಬೇಕಾದಷ್ಟು ಜನ ಇದ್ದರು, ಎಲ್ಲ ರೆಸಾರ್ಟಿನವರು. ಪಾಸ್‌ಪೋರ್ಟಿನಲ್ಲಿ ಟೂರಿಸ್ಟ್ ಅಂತ ಸೀಲು ಬಿದ್ದಿತ್ತು. ಸಂಜೆಯ ತನಕ ನಿಂತು, ನಾಲ್ಕೈದು ತಿಂಗಳ ಹಿಂದೆ ಶುರುವಾಗಿದ್ದ ಹೊಸ ಸೇತುವೆ ದಾಟಿ ರಾಜಧಾನಿ ಮಾಲೆಗೆ ಹೋದೆ. ಏಜೆಂಟನ ಫೋನು ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಐದನೇ ದಿನ ಎತ್ತಿ, “ಆ ಸ್ಕೂಲಲ್ಲಿ ವೇಕೆನ್ಸಿ ಫಿಲ್ ಆಯ್ತಂತೆ, ಸ್ವಲ್ಪ ವೆಯ್ಟ್ ಮಾಡಿ” ಅಂದ.

ಹಾಗೆ ಕಾದದ್ದು 38 ದಿನ. ಒಂದು ಕೋಣೆಯಲ್ಲಿ ಆರು ಜನ, ಉಳಿದ ಐವರೂ ಬಾಂಗ್ಲಾದೇಶದ ಕಟ್ಟಡ ಕೆಲಸದವರು. ರಾತ್ರಿ ಪಾಳಿಯವನು ಎದ್ದು ಹೋದ ಹಾಸಿಗೆಯಲ್ಲಿ ನಾನು ಮಲಗಬೇಕು. ಬೆಳಿಗ್ಗೆ ಅವನು ಬರುವಷ್ಟರಲ್ಲಿ ಎದ್ದು ಹೊರಬೀಳಬೇಕು. ಮಾಲೆ ಎಷ್ಟು ಪುಟ್ಟ ಊರೆಂದರೆ ಒಂದೂವರೆ ಗಂಟೆ ನಡೆದರೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತೀರಿ. ದಿನಕ್ಕೆ ಮೂರು ಸುತ್ತು ಹಾಕುತ್ತಿದ್ದೆ. ಫೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೇ ಇರುತ್ತಿದ್ದೆ, ಕೋಣೆಯಲ್ಲಿ ಬಿಟ್ಟು ಹೋಗಲು ಭಯ. ಬೆವರಿಗೆ ಬಿ.ಎ. ಮಾರ್ಕ್ಸ್ ಕಾರ್ಡಿನ ಮೂಲೆ ಹಳದಿಯಾಯಿತು. ಮನೆಗೆ ಫೋನ್ ಮಾಡಿದಾಗ ಶಾಲೆ ಚೆನ್ನಾಗಿದೆ ಅಂತ ಹೇಳುತ್ತಿದ್ದೆ. ಒಂದು ದಿನ ಹೆಂಡತಿಯೇ, “ರೀ, ಸ್ಕೂಲಿನ ಬೆಲ್ಲು ಒಂದು ದಿನಾನೂ ಕೇಳ್ಸಲ್ಲವಲ್ಲ” ಅಂದಳು. ನಾನು ಸುಮ್ಮನಾದೆ. “ಟಿಕೆಟ್‌ಗೆ ದುಡ್ಡಿಲ್ಲ ಅಂದ್ರೆ ಹೇಳಿ, ಓಲೆ ಇನ್ನೂ ಇದೆ” ಅಂದಳು.

ಕೋಣೆಯ ಬಾಂಗ್ಲಾ ಹುಡುಗನ ಮೇಸ್ತ್ರಿಗೆ ಗೊತ್ತಿದ್ದ ತಮಿಳು ಗಣಿತದ ಮೇಷ್ಟ್ರೊಬ್ಬರಿಂದ ಕೆಲಸ ಸಿಕ್ಕಿತು. ಏಜೆಂಟನಿಂದಲ್ಲ. ದಕ್ಷಿಣದ ಹುವಧು ಹವಳದ್ವೀಪಗಳ ಪೈಕಿ ಒಂದರಲ್ಲಿ ಆರನೇ, ಏಳನೇ ತರಗತಿಗೆ ಇಂಗ್ಲಿಷ್. ಸಂಬಳ 12,000 ರುಫಿಯಾ, ನಮ್ಮ ಲೆಕ್ಕದಲ್ಲಿ ಐವತ್ತು ಸಾವಿರದ ಮೇಲೆ. ಮನೆಗೆ ಕಳಿಸಲು ಅದು ಡಾಲರಾಗಬೇಕು. ಡಾಲರಿಗೆ 15.42 ರುಫಿಯಾ ಅಂತ ಬ್ಯಾಂಕಿನ ದರ, ಆದರೆ ಆ ದರಕ್ಕೆ ಬೇಕಾದಷ್ಟು ಡಾಲರ್ ಸಿಗಬೇಕಲ್ಲ. ಹೊರಗೆ ಕೊಂಡರೆ ಅದಕ್ಕಿಂತ ಜಾಸ್ತಿ. ಒರಿಜಿನಲ್ ಸರ್ಟಿಫಿಕೇಟುಗಳನ್ನು ಪರಿಶೀಲನೆಗೆಂದು ಶಾಲೆಯವರು ತೆಗೆದಿಟ್ಟುಕೊಂಡರು. ಕಂಕುಳು ಖಾಲಿಯಾಗಿ ಎರಡು ದಿನ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

ಊಟ ಮೂರು ಹೊತ್ತೂ ಮೀನು. ನಾನೇನು ತಿನ್ನದವನಲ್ಲ, ಆದರೂ ಬೆಳಿಗ್ಗೆಯೇ ಟ್ಯೂನ, ಕಾಯಿತುರಿ ಕಲಸಿದ ಮಸ್‌ಹುನಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಊರಿಂದ ತಂದಿದ್ದ ರಾಗಿ ಹಿಟ್ಟನ್ನು ಭಾನುವಾರಕ್ಕೊಮ್ಮೆ ತೆಗೆಯುತ್ತಿದ್ದೆ. ಅಲ್ಲಿ ಭಾನುವಾರವೇ ಶಾಲೆ ಶುರುವಾಗುವ ದಿನ, ಆ ದಿನಕ್ಕೇ ಧೈರ್ಯ ಬೇಕಾಗಿದ್ದದ್ದು. ಗರುಧಿಯ ಅಂತ ಮೀನಿನ ತಿಳಿಸಾರು ಮಾಡುತ್ತಾರೆ, ಅದರಲ್ಲಿ ಮುದ್ದೆ ನುಂಗಿದರೆ ನಮ್ಮ ಉಪ್ಸಾರಿನ ನೆಂಟ ಅನ್ನಬಹುದು.

ಮೊದಲ ವಾರವೇ ನಾನು ಅಂಜಿದ್ದು ನಡೆದೇ ಹೋಯಿತು. ಮುಂದಿನ ಬೆಂಚಿನ ಹುಡುಗಿ ಕೈಯೆತ್ತಿ, “ಸರ್, ಔಸ್ ಅಲ್ಲ, ಹೌಸ್” ಅಂದಳು. ಇಡೀ ಕ್ಲಾಸು ನಕ್ಕಿತು. ಬೋರ್ಡಿನ ಕಡೆ ತಿರುಗಿ ಏನೋ ಬರೆಯುವಂತೆ ನಿಂತೆ. ಏಜೆಂಟನಿಗೆ ಕೊಟ್ಟ ದುಡ್ಡು, ಸರ, 38 ದಿನ ಎಲ್ಲ ಒಟ್ಟಿಗೆ ನೆನಪಾಯಿತು. ಆಮೇಲೆ ಏನು ತೋಚಿತೋ, ತಿರುಗಿ, ನಿಮ್ಮ ಭಾಷೆಯಲ್ಲಿ ನೀರಿಗೆ ಏನಂತೀರಿ ಅಂದೆ. ‘ಫೆನ್’ ಅಂದರು. ಐದಕ್ಕೆ? ‘ಫಸ್’. ಪಾನೀಯ, ಪಂಚ ಅಂತ ಬೋರ್ಡಿನ ಮೇಲೆ ಬರೆದೆ. ನಿಮ್ಮ ಅಜ್ಜಂದಿರು ‘ಪ’ವನ್ನು ‘ಫ’ ಮಾಡಿದರು, ನಮ್ಮ ಅಜ್ಜಂದಿರು ‘ಹ’ ಮಾಡಿದರು, ಪಾಲು ಹಾಲಾಯಿತು, ಪಳ್ಳಿ ಹಳ್ಳಿಯಾಯಿತು, ನಮ್ಮಮ್ಮ ಆ ‘ಹ’ವನ್ನೂ ಬಿಟ್ಟರು, ಅದಕ್ಕೇ ನನಗೆ ಹೌಸ್ ಕಷ್ಟ ಅಂದೆ. ಆರನೇ ಕ್ಲಾಸಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಅವತ್ತಿನಿಂದ ನಾನು ಔಸ್ ಅಂದಾಗಲೆಲ್ಲ ಆ ಹುಡುಗಿ ಬಾಯಿ ಅಗಲಿಸಿ ಉಸಿರು ಬಿಟ್ಟು ತೋರಿಸುತ್ತಿದ್ದಳು, ನಾನು ತಿದ್ದಿಕೊಳ್ಳುತ್ತಿದ್ದೆ. ಬೇರೆಯವರು ನಗುವುದು ನಿಂತಿತು.

ಒಂದು ವರ್ಷ ಕಳೆಯುವಷ್ಟರಲ್ಲಿ ಕೋವಿಡ್ ಬಂತು. 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿತು, ಏಪ್ರಿಲ್ ಮಧ್ಯದಲ್ಲಿ ಮಾಲೆ ಪೂರ್ತಿ ಬಂದ್. ಪಾಠವನ್ನು ‘ಟೆಲಿಕ್ಲಾಸ್’ ಅಂತ ಟಿವಿಯಲ್ಲಿ ತೋರಿಸತೊಡಗಿದರು. ನಮ್ಮ ನೌಕಾಪಡೆಯ ಜಲಾಶ್ವ ಹಡಗು ಬರುತ್ತದೆಂದು ಸುದ್ದಿ ಹಬ್ಬಿತು. ಮೇ 8ರಂದು ಅದು ಮಾಲೆಯಿಂದ 698 ಜನರನ್ನು ಹತ್ತಿಸಿಕೊಂಡು 10ಕ್ಕೆ ಕೊಚ್ಚಿ ಸೇರಿತು. ನಾನು ಅದರಲ್ಲಿರಲಿಲ್ಲ. ಕರಾರು ಮುರಿದು ಹೋದರೆ ಸರ್ಟಿಫಿಕೇಟು ಬೇಗ ಸಿಗುವುದಿಲ್ಲ ಅಂತ ಹೇಳಿದ್ದರು, ದ್ವೀಪದಿಂದ ದ್ವೀಪಕ್ಕೆ ಬೋಟೂ ನಿಂತಿತ್ತು. ಸಂಜೆ ದಕ್ಕೆಯ ಮೇಲೆ ಕೂತು, ಮೊಬೈಲಿನಲ್ಲಿ ಆ ಹಡಗಿನ ವಿಡಿಯೋವನ್ನು ಎಷ್ಟು ಸಲ ನೋಡಿದೆನೋ. ಮಾಸ್ಕ್ ಹಾಕಿ ಸಾಲಾಗಿ ಹತ್ತುವವರ ಕೈಚೀಲಗಳನ್ನೇ ನೋಡುತ್ತಿದ್ದೆ. ಯಾರಾದರೂ ಫೈಲನ್ನು ಕಂಕುಳಲ್ಲಿ ಹಿಡಿದಿದ್ದಾರೆಯೇ ಅಂತ.

ಡಿಸೆಂಬರಿನಲ್ಲಿ ವಿಮಾನ ಸಿಕ್ಕಿತು. ಸರ್ಟಿಫಿಕೇಟುಗಳು ಬಂದದ್ದು ಮಾತ್ರ ಎಂಟು ತಿಂಗಳ ಮೇಲೆ, ಕೊರಿಯರ್‌ನಲ್ಲಿ. ಬಿ.ಎಡ್.ದಕ್ಕೆ ಬೂಷ್ಟು ಹಿಡಿದಿತ್ತು. ಸುಂಕದಕಟ್ಟೆಯ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದೆ. ಸರ ಬಿಡಿಸಿದೆವು, ಮಗಳ ಡಿಗ್ರಿ ಫೀಸು ಕಟ್ಟಿದೆವು, ಅಲ್ಲಿಗೆ ದುಡ್ಡು ಮುಗಿಯಿತು. ಈಗ ಅಂಜನಾನಗರದ ಕಡೆ ಒಂದು ಶಾಲೆಯಲ್ಲಿದ್ದೇನೆ, ಹದಿನೆಂಟು ಸಾವಿರ.

ಬಂದ ರಾತ್ರಿ ಅವ್ವ ತನ್ನ ಮಂಚದ ತುದಿಗೆ ಸರಿದು ನನಗೆ ಜಾಗ ಮಾಡಿತು. “ಅಷ್ಟು ದೂರ ಓಗಿ ಅಲ್ಲಿ ಐಕಳಿಗೆ ಏನ್ಲಾ ಏಳ್ಕೊಟ್ಟೆ?” ಅಂತ ಕೇಳಿತು.

“ಇಂಗ್ಲಿಷ್ ಏಳ್ಕೊಟ್ಟೆ ಕಣವ್ವ” ಅಂದೆ.