ಶಿಡ್ಲಘಟ್ಟದ ಸೀಮೆಯ ಒಂದು ಗೋಕಟ್ಟೆ

ಚೈತ್ರಮಾಸದ ಒಂದು ಪ್ರಾತಃಕಾಲ ನಾವು ಶಿಡ್ಲಘಟ್ಟದಿಂದ ಉತ್ತರಾಭಿಮುಖವಾಗಿ ಕಾಲ್ನಡಿಗೆಯಲ್ಲಿ ಹೊರಟೆವು. ರೇಷ್ಮೆಗೂಡಿನ ಮಾರುಕಟ್ಟೆಯ ಗದ್ದಲವು ಹಿಂದುಳಿದು, ಹಿಪ್ಪುನೇರಳೆಯ ತೋಟಗಳೂ ಮುಗಿದ ಮೇಲೆ ಬೋಳುಬಂಡೆ, ಜಾಲಿ, ತಂಗಡಿಗಳದೇ ರಾಜ್ಯ. ಈ ಸೀಮೆಗೆ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ನಂದಿಯ ಸುತ್ತಣ ಬೆಟ್ಟಗಳಲ್ಲಿ ಉತ್ತರ ದಕ್ಷಿಣ ಪಿನಾಕಿನಿಗಳು ಜನಿಸುವುದೇನೋ ದಿಟ. ಆದರೆ ಹೆಣ್ಣುಮಕ್ಕಳಂತೆ ತವರನ್ನು ಬಿಟ್ಟು ನೆರೆನಾಡುಗಳನ್ನು ಸೇರುತ್ತವೆ. ಜನರು ಪಾಪಾಗ್ನಿ ಎನ್ನುವ ಹೊಳೆ ನಮ್ಮೆಣಿಕೆಯಲ್ಲಿ ಪಾಪಘ್ನಿ, ಪಾಪವನ್ನು ಕೊಲ್ಲುವವಳು. ವ್ಯುತ್ಪತ್ತಿಯನ್ನು ಹೇಳುವುದು ನಮಗೆ ಸುಲಭ, ಬೇಸಗೆಯಲ್ಲಿ ಅವಳ ನೀರನ್ನು ತೋರಿಸುವುದು ಕಷ್ಟ.

ಆದುದರಿಂದಲೇ ಪೂರ್ವಿಕರು ಒಂದರ ಕೋಡಿ ಇನ್ನೊಂದಕ್ಕೆ ಸೇರುವಂತೆ ಕೆರೆಗಳ ಸಾಲನ್ನು ಕಟ್ಟಿದರು. ಕೆರೆ ಹೊಲಗದ್ದೆಗಳಿಗೆ, ದನಕರು ಮೇಯುವ ಗೋಮಾಳಕ್ಕೆ ಬೇರೆಯಾಗಿ ಗೋಕಟ್ಟೆ. ಒಂದು ಮಗ್ಗುಲಲ್ಲಿ ಮಣ್ಣಿನ ಏರಿ, ಇನ್ನೊಂದು ಮಗ್ಗುಲಲ್ಲಿ ಕರುವೂ ಜಾರದೆ ಇಳಿಯಬಹುದಾದ ಇಳಿಜಾರು. ಬೇಸಗೆಯಲ್ಲಿ ಹೂಳು ತೆಗೆದು ಹೊಲಕ್ಕೆ ಹಾಕುತ್ತಿದ್ದರು. ಕಟ್ಟೆಯೂ ಆಳವಾಯಿತು, ಹೊಲವೂ ಹುಲುಸಾಯಿತು.

ನಾವು ಕಂಡ ಕಟ್ಟೆಯಲ್ಲಿ ಮೊಣಕಾಲುದ್ದದ ಕೆಸರುನೀರು ಮಾತ್ರವಿತ್ತು. ಸುಮಾರು ನೂರು ಕುರಿಗಳು ಅದಕ್ಕೆ ಮುತ್ತಿದ್ದವು. ಕಂಬಳಿ ಹೊದ್ದ ಮುದುಕನೊಬ್ಬನು ಏರಿಯ ಮೇಲೆ ಕುಳಿತಿದ್ದನು. ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಸುತ್ತಲೂ ಇವೆಯಲ್ಲವೇ ಎಂದು ಕೇಳಿದೆವು. “ಅವು ಸೊಪ್ಪಿಗೆ, ಸೀಮೆಹಸುವಿಗೆ, ಸ್ವಾಮಿ. ಬಯಲಲ್ಲಿ ತಿರುಗುವ ಕುರಿ ಬಾಯಾರಿತೆಂದು ಯಾರು ಮೋಟಾರು ಹಾಕುತ್ತಾರೆ?” ಎಂದನು. ನಮಗೆ ಉತ್ತರ ಹೊಳೆಯಲಿಲ್ಲ. ಅಷ್ಟು ಆಳದ ನೀರಿನಲ್ಲಿ ಹಲವೆಡೆ ಫ್ಲೋರೈಡು ಹೆಚ್ಚೆಂಬುದು ಬೇರೆಯ ಕಥೆ.

2021ರ ನವೆಂಬರಿನ ಮಳೆಗೆ ಈ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಹರಿದವು. ಆ ವರ್ಷ ಮರಿಗಳೊಂದೂ ಸಾಯಲಿಲ್ಲವೆಂದು ಮುದುಕನು ಹಿಗ್ಗಿನಿಂದ ನೆನೆದನು. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಬಳಕೆನೀರನ್ನು ಎರಡು ಹಂತ ಶುದ್ಧಿಮಾಡಿ ಇಲ್ಲಿಯ ಕೆರೆಗಳಿಗೆ ಹರಿಸುವ ಯೋಜನೆಯೂ ಬಂದಿದೆ. ಮೂರನೆಯ ಹಂತವೂ ಬೇಕೆಂಬುದು ಜನರ ಹಟ. ಹಟ ನ್ಯಾಯವಾದದ್ದೇ. ಆದರೆ ಕೊಳವೆಯ ನೀರು ದೊಡ್ಡ ಕೆರೆಗಳನ್ನೇ ಹುಡುಕಿಕೊಂಡು ಹೋಗುತ್ತದೆ. ಗುಡ್ಡದ ಮಗ್ಗುಲ ಈ ಕಟ್ಟೆಗೆ ಆಕಾಶವೇ ದಿಕ್ಕು. ಅದಕ್ಕೆ ನೀರು ತರುತ್ತಿದ್ದ ಕಾಲುವೆಯನ್ನೂ ಯಾರೋ ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದರು.

ವೈಶಾಖದೊಳಗೆ ಮಳೆ ಬಾರದಿದ್ದರೆ ಅರ್ಧ ಹಿಂಡನ್ನು ಸಂತೆಗೆ ಹೊಡೆಯುವುದೆಂದು ಮುದುಕನು ನಿಶ್ಚಯಿಸಿದ್ದನು. ಯಾವ ಅರ್ಧವೆಂದು ಕೇಳಿದ್ದು ನಮ್ಮ ತಪ್ಪು. ಅವನು ಎದ್ದು, ನೀರಿಗಿಳಿದಿದ್ದ ಒಂದು ಕುಂಟು ಮರಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಹಿಂಡನ್ನು ಕರೆಯುತ್ತ ಗುಡ್ಡ ಹತ್ತಿದನು.